ಹಿಮಾಲಯನ್‌ಗೆ ಹೊರೆ ಕಟ್ಟುವ ಬಗೆ

ಅಡ್ವೆಂಚರ್ ಬೈಕಿಗೆ ಲಗೇಜ್ ಕೊಳ್ಳುವಾಗ ಎಷ್ಟು ಲೀಟರ್ ಹಿಡಿಯುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ನಾನು ಕೇಳುವುದು ಬೇರೆ: ಈ ಹೊರೆಯ ಸಮೇತ ಗಾಡಿ ಕೆಸರಲ್ಲಿ ಮಲಗಿದರೆ ಒಬ್ಬನೇ ಎತ್ತಿ ನಿಲ್ಲಿಸುವುದಕ್ಕೆ ಆಗುತ್ತದೆಯೇ?

ನಾನು ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕಪತ್ರ ನೋಡಿಕೊಳ್ಳುವವನು. ನನ್ನ ಹತ್ತಿರ ಇರುವುದು ರಾಯಲ್ ಎನ್‌ಫೀಲ್ಡಿನ ಹಿಮಾಲಯನ್, 411 ಸಿಸಿಯದು. ಮಳೆಗಾಲದ ತೋಟದ ರಸ್ತೆ, ಚಾರ್ಮಾಡಿ ಘಾಟಿ, ಸೆಪ್ಟೆಂಬರಿನಲ್ಲಿ ರಜೆ ಸಿಕ್ಕರೆ ಹಿಮಾಚಲದ ಸ್ಪಿತಿ, ಎಲ್ಲಕ್ಕೂ ಅದೇ ಗಾಡಿ. ಪೆಟ್ರೋಲು ಸೇರಿ ಅದರ ತೂಕವೇ 199 ಕೆಜಿ. ಎರಡೂ ಬದಿಗೆ ಹಾಕುವ ಅಲ್ಯೂಮಿನಿಯಂ ಪೆಟ್ಟಿಗೆ ಒಂದೊಂದು ನಾಲ್ಕೈದು ಕೆಜಿ ಬರುತ್ತದೆ, ಅವುಗಳನ್ನು ಹೊರುವ ಕಬ್ಬಿಣದ ಸ್ಟೇ ಮತ್ತೆ ನಾಲ್ಕೈದು ಕೆಜಿ. ಒಂದು ಬನಿಯನ್ ಒಳಗಿಡುವ ಮೊದಲೇ ಹನ್ನೆರಡು ಹದಿಮೂರು ಕೆಜಿ ಏರಿಬಿಟ್ಟಿತು. ಆ ತೂಕದಲ್ಲಿ ನಾನು ಒಂದು ವಾರದ ಬಟ್ಟೆ, ಮಳೆಕೋಟು, ಟೂಲ್ಸು, ಎರಡು ಟ್ಯೂಬು ಎಲ್ಲವನ್ನೂ ಒಯ್ಯುತ್ತೇನೆ.

ತೂಕವಾದರೂ ಇರಲಿ, ಪೆಟ್ಟಿಗೆಯ ಬಗ್ಗೆ ನನಗಿರುವ ದೊಡ್ಡ ಭಯ ಕಾಲಿನದು. ಜಾರುವ ಮಣ್ಣಿನಲ್ಲಿ ಗಾಡಿ ಅಲುಗಿತು ಅಂದರೆ ಕೈ ಯೋಚಿಸುವ ಮೊದಲೇ ಕಾಲು ನೆಲಕ್ಕೆ ಇಳಿಯುತ್ತದೆ. ಗಾಡಿ ಮುಂದೆ ಹೋಗುತ್ತಲೇ ಇರುತ್ತದೆ, ಕಾಲು ಅಲ್ಲೇ ನಿಂತಿರುತ್ತದೆ, ಹಿಂದಿನಿಂದ ಪೆಟ್ಟಿಗೆಯ ಅಂಚು ಬಂದು ಮೀನಖಂಡಕ್ಕೆ ಹೊಡೆಯುತ್ತದೆ. ಕಾಲು ಅದರ ಅಡಿಗೆ ಸಿಕ್ಕಿಕೊಂಡರೆ ಮೂಳೆಯೇ ಹೋಗಬಹುದು. ಬಟ್ಟೆಯ ಚೀಲ ಕಾಲಿಗೆ ತಾಗಿದರೂ ಬಗ್ಗುತ್ತದೆ. ಬಿದ್ದಾಗ ಹರಿದರೆ ದಾರ ಸೂಜಿಯಲ್ಲಿ ಹೊಲಿಯಬಹುದು; ಬಾಗಿದ ಪೆಟ್ಟಿಗೆಯ ಮುಚ್ಚಳ ಮಾತ್ರ ಸ್ಪಿತಿಯ ಕಾಜಾ ಊರಿನ ಮೆಕ್ಯಾನಿಕ್ ಎಷ್ಟು ಬಡಿದರೂ ಮೊದಲಿನ ಹಾಗೆ ಕೂರುವುದಿಲ್ಲ.

ಪೆಟ್ಟಿಗೆ ಯಾರಿಗೂ ಬೇಡ ಅನ್ನುವ ಮಾತಲ್ಲ. ಗಂಡ ಹೆಂಡತಿ ಇಬ್ಬರೂ ಡಾಂಬರು ರಸ್ತೆಯಲ್ಲಿ ಕರಾವಳಿ ಸುತ್ತುವವರು, ರಾತ್ರಿ ಲಾಡ್ಜಿನ ಎದುರು ಬೀಗ ಹಾಕಿ ಮಲಗಬೇಕಾದವರು, ದುಬಾರಿ ಕ್ಯಾಮೆರಾ ಒಯ್ಯುವವರು ಪೆಟ್ಟಿಗೆಯನ್ನೇ ತಗೊಳ್ಳಲಿ. ಚೀಲಕ್ಕೆ ಬೀಗವಿಲ್ಲ, ಊಟಕ್ಕೆ ನಿಂತಾಗ ಗಾಡಿ ಕಣ್ಣಿಗೆ ಕಾಣುವ ಮೇಜೇ ಬೇಕಾಗುತ್ತದೆ. ಮಣ್ಣು, ಕಲ್ಲು, ತೊರೆ ದಾಟುವವರಿಗೆ ಚೀಲವೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಚೀಲದಲ್ಲಿ ನೋಡಬೇಕಾದ್ದು ಬಾಯಿ. ನಮ್ಮ ಮಲೆನಾಡಿನ ಜುಲೈ ಮಳೆಗೆ ಜಿಪ್ಪು ತಡೆಯುವುದಿಲ್ಲ, ಅದರ ಮೇಲೆ ವಾಟರ್‌ಪ್ರೂಫ್ ಅಂತ ಏನೇ ಬರೆದಿರಲಿ. ನೀರು ಒಳಗೆ ಬರುವುದೇ ಜಿಪ್ಪಿನಿಂದ, ಆಮೇಲೆ ಹೊಲಿಗೆಯ ತೂತುಗಳಿಂದ. ಬಾಯಿಯನ್ನು ಸುರುಳಿ ಸುತ್ತಿ ಬಕಲ್ ಹಾಕುವ ರೋಲ್‌ಟಾಪ್ ಚೀಲ, ಹೊಲಿಯುವ ಬದಲು ಬಿಸಿಯಲ್ಲಿ ಅಂಟಿಸಿದ ಸಂದು, ಇಷ್ಟಿದ್ದರೆ ಸಾಕು. ಸುರುಳಿ ಕನಿಷ್ಠ ಮೂರು ಸುತ್ತು ಬರಬೇಕು. ಬಾಯಿತನಕ ಗಿಡಿದರೆ ಒಂದೇ ಸುತ್ತು ಬರುತ್ತದೆ, ಆಗ ಮಳೆಯಲ್ಲಿ ಬಟ್ಟೆ ನೆನೆಯುವುದು ಖಂಡಿತ. ಹೊರಗಿನ ಚೀಲ ಉಜ್ಜಾಟ ತಡೆಯುವ ದಪ್ಪ ಕಾರ್ಡುರಾ ಬಟ್ಟೆಯದಾಗಿ, ಒಳಗೆ ಬೇರೆಯೇ ಡ್ರೈ ಬ್ಯಾಗ್ ಇರುವಂಥದ್ದು ನನಗೆ ಇನ್ನೂ ಇಷ್ಟ. ಸಂಜೆ ಕೆಸರಾದ ಚೀಲ ಗಾಡಿಯಲ್ಲೇ ಉಳಿಯುತ್ತದೆ, ಒಳಗಿನದನ್ನಷ್ಟೇ ಎತ್ತಿಕೊಂಡು ರೂಮಿಗೆ ಹೋಗಬಹುದು.

ಇನ್ನು ಕಟ್ಟುವ ವಿಷಯ. ನನ್ನ ಲೆಕ್ಕದಲ್ಲಿ ಚೀಲಕ್ಕಿಂತ ದೊಡ್ಡ ವಿಷಯ ಇದೇ.

ಎತ್ತಿನ ಗಾಡಿಯಲ್ಲಿ ಮೂಟೆಯೆಲ್ಲ ಹಿಂದಕ್ಕೆ ಹಾಕಿದರೆ ಮೂಕಿ ಮೇಲೇಳುತ್ತದೆ. ಬೈಕಿನ ಮುಂಚಕ್ರವೂ ಹಾಗೆಯೇ ಹಗುರಾಗುತ್ತದೆ. ಹಿಮಾಲಯನ್‌ನ ಎರಡು ಆ್ಯಕ್ಸಲ್‌ಗಳ ನಡುವಿನ ದೂರ 1465 ಮಿಲಿಮೀಟರ್. ಹಿಂದಿನ ಆ್ಯಕ್ಸಲ್‌ಗಿಂತ 30 ಸೆಂಟಿಮೀಟರ್ ಹಿಂದೆ 10 ಕೆಜಿ ಕಟ್ಟಿದಿರಿ ಎಂದುಕೊಳ್ಳಿ. ಹಿಂದಿನ ಚಕ್ರಕ್ಕೆ 12 ಕೆಜಿ ಬೀಳುತ್ತದೆ, ಮುಂದಿನಿಂದ 2 ಕೆಜಿ ಕಳೆಯುತ್ತದೆ. ಇದು ಗಾಡಿ ನಿಂತಿದ್ದಾಗಿನ ಲೆಕ್ಕ. ಏರು ರಸ್ತೆಯ ಹೇರ್‌ಪಿನ್ ತಿರುವಿನಲ್ಲಿ ಥ್ರಾಟಲ್ ಕೊಟ್ಟಾಗ ಮುಂಚಕ್ರದ ಹಿಡಿತ ಇನ್ನೂ ಕಡಿಮೆಯಾಗುತ್ತದೆ, ಹ್ಯಾಂಡಲ್ ಕೈಯಲ್ಲಿ ತೇಲಿದ ಹಾಗೆ ಅನ್ನಿಸುತ್ತದೆ. ಅದಕ್ಕೇ ಟೂಲ್ಸು, ಟ್ಯೂಬು, ಪಂಪು, ಚೈನ್ ಲ್ಯೂಬ್ ಇವೆಲ್ಲ ಬದಿಚೀಲದ ತಳದಲ್ಲಿ, ಸವಾರನಿಗೆ ಆದಷ್ಟು ಹತ್ತಿರ. ಸೀಟಿನ ಹಿಂದಿನ ಕ್ಯಾರಿಯರ್ ಮೇಲೆ ಸ್ಲೀಪಿಂಗ್ ಬ್ಯಾಗ್, ಜಾಕೆಟ್ಟು, ಅಷ್ಟೇ. ಮನೆಯಲ್ಲಿ ತರಕಾರಿ ತೂಗುವ ಕೊಕ್ಕೆ ತಕ್ಕಡಿಯಲ್ಲಿ ಎರಡೂ ಬದಿಚೀಲ ತೂಗಿ ಸಮ ಮಾಡಿಕೊಳ್ಳುತ್ತೇನೆ.

ಹೆಚ್ಚಿನ ಪೆಟ್ರೋಲು ಒಯ್ಯುವ ಜೆರಿ ಕ್ಯಾನ್ ಬಗ್ಗೆ ಒಂದು ಮಾತು. ಟ್ಯಾಂಕಿನ ಎರಡೂ ಪಕ್ಕ ಕಬ್ಬಿಣದ ಫ್ರೇಮ್ ಇದೆಯಲ್ಲ, ಅಲ್ಲಿಗೆ ಕ್ಯಾನ್ ಕಟ್ಟದಿದ್ದರೆ ಏನೋ ಕಮ್ಮಿ ಅಂತ ತುಂಬ ಜನಕ್ಕೆ ಅನ್ನಿಸುತ್ತದೆ. 411ರ ಟ್ಯಾಂಕು 15 ಲೀಟರ್. ಮನಾಲಿಯಿಂದ ಕಾಜಾಗೆ ಸುಮಾರು 200 ಕಿಲೋಮೀಟರ್, ಕಾಜಾದಲ್ಲಿ ಬಂಕ್ ಇದೆ. ಸ್ಪಿತಿಗೆ ಕ್ಯಾನ್ ಬೇಕಿಲ್ಲ. ನಾನು ಆ ಫ್ರೇಮಿಗೆ ಎರಡು ಸಣ್ಣ ಚೀಲ ಕಟ್ಟಿ ಕುಡಿಯುವ ನೀರು, ಪಂಕ್ಚರ್ ಕಿಟ್ ಇಡುತ್ತೇನೆ. ಭಾರ ಮುಂದಕ್ಕೆ ಬಂದು ಮುಂಚಕ್ರಕ್ಕೂ ಒಳ್ಳೆಯದಾಗುತ್ತದೆ.

ಬದಿಚೀಲವನ್ನು ಸೀಟಿನ ಮೇಲೆ ಇಳಿಬಿಟ್ಟು ಹೊರಟರೆ ಅದು ಒಳಕ್ಕೆ ಒಲೆದು ಟೈರಿಗೋ ಚೈನಿಗೋ ತಾಗುತ್ತದೆ. ಬಲಗಡೆ ಇನ್ನೊಂದು ಅಪಾಯ, ಮೇಲಕ್ಕೆ ಎತ್ತಿದ ಸೈಲೆನ್ಸರ್. ನೈಲಾನ್ ಕರಗುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಹಾಗಾಗಿ ಸ್ಟೇ ಬೇಕೇ ಬೇಕು. ನನ್ನದನ್ನು ನಮ್ಮೂರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಿದ್ದು. ಪ್ರತಿ ಬದಿಗೂ ಮೂರು ಕಡೆ ಹಿಡಿತ: ಕ್ಯಾರಿಯರ್ ಬೋಲ್ಟು, ಅದರ ಮುಂದೆ ಫ್ರೇಮಿನಲ್ಲಿ ಒಂದು, ಹಿಂದಿನ ಫುಟ್‌ರೆಸ್ಟಿನ ಹತ್ತಿರ ಇನ್ನೊಂದು. ಅಷ್ಟಾದರೆ ಮುಗಿಯಿತು ಅಂತ ನಾನು ಹೊರಟಿದ್ದೆ. ವೆಲ್ಡಿಂಗ್ ಅಣ್ಣ ಸ್ಟೇ ಹಿಡಿದು ಅಲ್ಲಾಡಿಸಿ ನೋಡಿದರು.

"ರೈಟ್ರೇ, ಪೈಪ್ ಮುರಿಯಲ್ಲ. ಎರಡು ಕಡೇದೂ ಒಂದೊಂದು ದಿಕ್ಕಿಗೆ ಅಲ್ಲಾಡಿ ಅಲ್ಲಾಡಿ ಪಟ್ಟಿ ಕೀಳುತ್ತೆ. ಹಿಂದುಗಡೆ ಅಡ್ಡ ಒಂದು ಪಟ್ಟಿ ಕೊಡ್ತೀನಿ, ಎರಡೂ ಸೇರಿ ಒಂದೇ ಆಗ್ಲಿ."

ನಂಬರ್ ಪ್ಲೇಟಿನ ಹಿಂದೆ ಕಾಣದ ಹಾಗೆ ಕೂತಿರುವ ಆ ಅಡ್ಡಪಟ್ಟಿ ಇಲ್ಲದೆ ಯಾವ ಸ್ಟೇಯೂ ಕೆಟ್ಟ ರಸ್ತೆಯಲ್ಲಿ ಬಾಳುವುದಿಲ್ಲ ಅಂತ ಈಗ ಎಲ್ಲರಿಗೂ ಹೇಳುತ್ತೇನೆ. ಬಲಗಡೆಯ ಸ್ಟೇ ಮತ್ತು ಸೈಲೆನ್ಸರ್ ನಡುವೆ ನಾಲ್ಕು ಬೆರಳು ಜಾಗ ಬಿಡಿಸಿ ಅಲ್ಯೂಮಿನಿಯಂ ತಗಡು ಹಾಕಿಸಿದ್ದೇನೆ. ಬೋಲ್ಟುಗಳು 8 ಎಂಎಂನವು, ಅಲುಗಾಟಕ್ಕೆ ಸಡಿಲವಾಗದ ನೈಲಾಕ್ ನಟ್ಟು, ಜೊತೆಗೆ ಬೋಲ್ಟಿನ ಮರೆಗೆ ಹಚ್ಚುವ ಅಂಟು, ನೀಲಿ ಥ್ರೆಡ್‌ಲಾಕರ್. ಕೆಂಪು ಬೇಡ. ಅದನ್ನು ಬಿಚ್ಚಲು ಬಿಸಿ ಕೊಡಬೇಕು, ದಾರಿಮಧ್ಯೆ ಯಾರ ಹತ್ತಿರ ಬ್ಲೋ ಟಾರ್ಚ್ ಇರುತ್ತದೆ? ಹೊಸದಾಗಿ ಹಾಕಿಸಿದವರು ಮೊದಲ ನೂರು ಕಿಲೋಮೀಟರಿಗೆ ನಿಂತು ಪ್ರತಿ ಬೋಲ್ಟಿಗೂ ಸ್ಪ್ಯಾನರ್ ಹಾಕಿ ನೋಡಲೇಬೇಕು. ಪೇಂಟು ಒತ್ತಿಕೊಂಡು ಬೋಲ್ಟು ಸಡಿಲವಾಗುವುದು ಆಗಲೇ.

ಚೀಲ ಕಟ್ಟಿದ ಮೇಲೆ ಮನೆಯಲ್ಲಿ ಇಬ್ಬರನ್ನು ಕರೆದು ಹಿಂದೆ ಕೂರಿಸಿ ಜೋರಾಗಿ ಕುಕ್ಕಿಸಿ. ಈ ಗಾಡಿಯ ಹಿಂಚಕ್ರ 180 ಮಿಲಿಮೀಟರ್ ಮೇಲೇರುತ್ತದೆ, ಪೂರ್ತಿ ಒತ್ತಿದಾಗಲೂ ಚೀಲ ಕಟ್ಟಿದ ಪಟ್ಟಿಯ ಬಾಲ ಟೈರಿಗೆ ಸಿಗಬಾರದು. ಉಳಿದ ಬಾಲವನ್ನೆಲ್ಲ ಸುತ್ತಿ ಟೇಪು ಹಾಕಿ. ಕೊಕ್ಕೆಯಿರುವ ಬಂಜೀ ಹಗ್ಗ ಮಾತ್ರ ಮುಟ್ಟಲೇಬೇಡಿ. ಕೊಕ್ಕೆ ಕಳಚಿ ಚಕ್ರಕ್ಕೆ ಸುತ್ತಿಕೊಂಡರೆ ಹಿಂಚಕ್ರ ಲಾಕ್ ಆಗುತ್ತದೆ, ಕಟ್ಟುವಾಗ ಹಾರಿ ಕಣ್ಣಿಗೆ ಹೊಡೆಯುವುದೂ ಉಂಟು. ಬಕಲ್ ಇರುವ ಪಟ್ಟಿಯೇ ಆಗಬೇಕು. ಮೋನೋಶಾಕ್‌ನ ಪ್ರಿಲೋಡ್, ಅಂದರೆ ಹಿಂದಿನ ಶಾಕ್ ಅಬ್ಸಾರ್ಬರ್ ಸ್ಪ್ರಿಂಗಿನ ಬಿಗಿ, ಏರಿಸುವುದನ್ನು ಮರೆಯಬೇಡಿ. ಹಿಂಭಾಗ ಕುಸಿದರೆ ಹೆಡ್‌ಲೈಟ್ ಮರದ ತುದಿ ನೋಡುತ್ತದೆ, ಸೈಡ್ ಸ್ಟ್ಯಾಂಡ್ ಹಾಕಿದಾಗ ಗಾಡಿ ನೆಟ್ಟಗಾಗಿ ಆಚೆ ಬದಿಗೆ ಉರುಳಲು ಕಾಯುತ್ತಿರುತ್ತದೆ.

ಬೆಟ್ಟದ ಮೇಲೆ ಇನ್ನೊಂದು ಸಂಗತಿ ಗಮನಿಸಿದೆ, ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಮನಾಲಿಯಿಂದ ಕಾಜಾಗೆ ಹೋಗುವ ದಾರಿಯ ಕುಂಜುಮ್ ಪಾಸ್ ನಾಲ್ಕೂವರೆ ಸಾವಿರ ಮೀಟರಿಗಿಂತ ಎತ್ತರ, ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ತುಸು ಹೆಚ್ಚು ಅಷ್ಟೇ. ಮನಾಲಿಯಲ್ಲಿ ಗಾಳಿ ಆಡದಂತೆ ಸುತ್ತಿದ ಚೀಲ ಮೇಲೆ ಹೋಗುವಷ್ಟರಲ್ಲಿ ಉಬ್ಬಿ ಪಟ್ಟಿಗಳು ಬಿರುಸಾಗುತ್ತವೆ. ಅಲ್ಲಿ ಮತ್ತೆ ಬಿಗಿ ಮಾಡಿ ಇಳಿದರೆ ಅಥವಾ ಮೇಲೆ ಹೊಸದಾಗಿ ಕಟ್ಟಿಕೊಂಡು ಹೊರಟರೆ, ತಗ್ಗಿಗೆ ಬಂದಾಗ ಚೀಲ ಕುಗ್ಗಿ ಪಟ್ಟಿಯೆಲ್ಲ ಸಡಿಲ. ಮನಾಲಿ ಕಡೆಗೆ ಇಳಿಯುವಾಗ ಬಾತಲ್‌ನಿಂದ ಗ್ರಾಂಫು ತನಕ ತೊರೆ, ಉರುಟುಗಲ್ಲು. ಸಡಿಲವಾದ ಚೀಲ ಹೊತ್ತು ಅಲ್ಲಿ ಓಡಿಸುವುದು ಒಳ್ಳೆಯದಲ್ಲ. ಅದಕ್ಕೆ ಬಾತಲ್ ಢಾಬಾದಲ್ಲಿ ಚಹಾ ಬರುವ ಮೊದಲು ಪಟ್ಟಿ ಎಳೆಯುವುದು ನನ್ನ ಕ್ರಮ. ಗಾಳಿ ಬಿಡುವ ಸಣ್ಣ ವಾಲ್ವ್ ಇರುವ ಚೀಲ ಸಿಕ್ಕರೆ ಎರಡು ಕಾಸು ಹೆಚ್ಚಾದರೂ ತಗೊಳ್ಳಿ.

ತಂಗಿಯ ಮಗ ಈಗ ಹಿಮಾಲಯನ್ 450 ತಂದಿದ್ದಾನೆ. "ಮಾವ, ನಿಮ್ ಸ್ಟೇ ನಂಗೆ ಕೊಡ್ತೀರಾ, ಡಿಸೆಂಬರಲ್ಲಿ ಹಂಪಿಗೆ ಹೋಗ್ಬೇಕು" ಅಂದ. ಅದರ ಫ್ರೇಮೇ ಬೇರೆ, 411ರ ಸ್ಟೇ ಅದಕ್ಕೆ ಕೂರುವುದಿಲ್ಲ. ಅದೂ ಅಲ್ಲದೆ ಎರಡು ದಿನದ ಹಂಪಿಗೆ ಬದಿಚೀಲ ಯಾಕೆ? ಸೀಟಿನ ಮೇಲೆ ಅಡ್ಡಲಾಗಿ ಒಂದು ಮೂವತ್ತು ಲೀಟರಿನ ರೋಲ್‌ಟಾಪ್ ಚೀಲ, ಬಕಲ್ ಪಟ್ಟಿ ಎರಡು, ಬೇಕಾದಷ್ಟಾಯಿತು. ಪಟ್ಟಿ ನನ್ನ ಹತ್ತಿರ ಹೆಚ್ಚಿಗೆ ಇದೆ, ಬಂದು ತಗೊಂಡು ಹೋಗು ಅಂದಿದ್ದೇನೆ.