ಪ್ರಿನ್ಸಿಪಾಲರ ತಿರುಗುವ ಕುರ್ಚಿ

ನಮ್ಮ ಫಿಸಿಕ್ಸ್ ಮೇಷ್ಟ್ರು ಕಳೆದ ತಿಂಗಳು ತೀರಿಕೊಂಡರು. ಸುದ್ದಿ ಬಂದ ದಿನವೆಲ್ಲ ನನಗೆ ನೆನಪಾಗುತ್ತಿದ್ದದ್ದು ಅವರ ಪಾಠ ಅಲ್ಲ, ಪ್ರಿನ್ಸಿಪಾಲರ ತಿರುಗುವ ಕುರ್ಚಿ.

ಪಿಯುಸಿಯಲ್ಲಿ ನಾನು ವಾಯುಪಡೆ ಪೈಲಟ್ ಆಗ್ತೀನಿ ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದೆ. ಪೈಲಟ್‌ಗೆ ತಲೆ ಸುತ್ತಬಾರದು ಅಲ್ವಾ, ಪರೀಕ್ಷೆ ಮಾಡೋಣ ಅಂತ ಗೆಳೆಯರು ಒಂದು ಮಧ್ಯಾಹ್ನ, ಪ್ರಿನ್ಸಿಪಾಲರು ಇಲ್ಲದ ಹೊತ್ತು ನೋಡಿ, ನನ್ನನ್ನು ಅವರ ಕುರ್ಚಿಯಲ್ಲಿ ಕೂರಿಸಿ, ಕಣ್ಣಿಗೆ ಕರವಸ್ತ್ರ ಕಟ್ಟಿ ಗರಗರ ತಿರುಗಿಸಿದರು. ಅಷ್ಟರಲ್ಲಿ ಮೇಷ್ಟ್ರು ಬಂದರು. ಎಲ್ಲರೂ ಓಡಿದರು, ನಾನೊಬ್ಬ ಸಿಕ್ಕಿಬಿದ್ದೆ.

ಅವರು ಬೈಯಲಿಲ್ಲ. ಕರವಸ್ತ್ರ ಬಿಚ್ಚಬೇಡ ಅಂದರು. ತಾವೇ ಒಂದೇ ಸಮನೆ ತಿರುಗಿಸುತ್ತಾ "ಯಾವ ಕಡೆ ಹೋಗ್ತಿದ್ದೀಯ?" ಅಂತ ಕೇಳುತ್ತಿದ್ದರು. ಸ್ವಲ್ಪ ಹೊತ್ತಿಗೆ "ನಿಂತೆ ಸಾರ್" ಅಂದೆ. ಕುರ್ಚಿ ಇನ್ನೂ ತಿರುಗುತ್ತಲೇ ಇತ್ತಂತೆ. ನಿಜವಾಗಿ ನಿಲ್ಲಿಸಿದಾಗ "ಈಗ ಉಲ್ಟಾ ತಿರುಗ್ತಿದ್ದೀನಿ" ಅಂದೆ. ಒಳಕಿವಿಯ ದ್ರವಕ್ಕೆ ವೇಗ ಬದಲಾದರೆ ಮಾತ್ರ ಗೊತ್ತಾಗೋದು, ಒಂದೇ ವೇಗವಾದರೆ ಅದು ಸುಮ್ಮನಾಗುತ್ತೆ ಅಂತ ವಿವರಿಸಿದರು. "ಮೋಡದೊಳಗೆ ಕಿವಿ ಸುಳ್ಳು ಹೇಳುತ್ತೆ ಕಣೋ, ಮೀಟರ್ ನಂಬು."

ಆಮೇಲೆ ಕೇಳಿದರು, ನಿನಗೆ ಹಾರೋದು ಇಷ್ಟವೋ, ಸೇನೆ ಇಷ್ಟವೋ? ಹಾರೋದಷ್ಟೇ ಆದರೆ ಪ್ರಯಾಣಿಕರ ವಿಮಾನಗಳೂ ಇವೆ. ವಾಯುಪಡೆಯಲ್ಲಿ ನೀನು ಮೊದಲು ಅಧಿಕಾರಿ, ಆಮೇಲೆ ಪೈಲಟ್, ಹೋಗು ಅಂದಲ್ಲಿಗೆ ಹೋಗಬೇಕು. ಮನೆಯವರ ಜೊತೆ ಕೂತು ಯೋಚನೆ ಮಾಡು ಅಂದರು. ನನಗೆ ಹಾಗೆ ಕೇಳಿದವರು ಅವರೊಬ್ಬರೇ.

ಸೇನಾಧಿಕಾರಿಗಳನ್ನು ತಯಾರು ಮಾಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಪರೀಕ್ಷೆ ಬರೆದು ಮೈಸೂರಿನ ಆಯ್ಕೆ ಮಂಡಳಿಗೆ ಹೋದೆ. ಅಲ್ಲಿನ ಪೈಲಟ್ ಆಪ್ಟಿಟ್ಯೂಡ್ ಟೆಸ್ಟ್ ಜೀವನದಲ್ಲಿ ಒಂದೇ ಸಲ. ಫೇಲಾದರೆ ವಾಯುಪಡೆಯಲ್ಲಿ ಹಾರುವ ಆಸೆ ಅಲ್ಲಿಗೇ ಮುಗಿಯಿತು. ಅದರಲ್ಲಿ ಮೀಟರ್ ಓದುವ ಭಾಗವೂ ಇರುತ್ತೆ! ಪಾಸಾದೆ. ಖಡಕ್ವಾಸ್ಲಾದ ಎನ್‌ಡಿಎಯಲ್ಲಿ 3 ವರ್ಷ, ಆಮೇಲೆ ದುಂಡಿಗಲ್‌ನ ವಾಯುಪಡೆ ಅಕಾಡೆಮಿ. ನಮ್ಮ ಕಾಲೇಜಿನಿಂದ ಎದೆಯ ಮೇಲೆ ವಾಯುಪಡೆ ಪೈಲಟ್‌ನ ರೆಕ್ಕೆ ಬ್ಯಾಡ್ಜ್ ಹಾಕಿಕೊಂಡವನು ನಾನೇ ಮೊದಲು, ಅದನ್ನು ಹೇಳಿಕೊಳ್ಳಲು ನನಗೆ ಹೆಮ್ಮೆ.

ಹೋದ ವರ್ಷ ಕಾಲೇಜಿಗೆ ಬಂದಿದ್ದೆ. ಮಕ್ಕಳು ಜಾಣರು. ಆದರೆ ಬೆಳಗ್ಗೆ ಕೋಚಿಂಗ್, ಸಂಜೆ ಟೆಸ್ಟ್, ಮೇಷ್ಟ್ರುಗಳಿಗೂ ಪುರಸೊತ್ತಿಲ್ಲ. ಕುರ್ಚಿ ತಿರುಗಿಸಿ ತೋರಿಸೋಕೆ ಯಾರಿಗೆ ಟೈಮಿದೆ? ಬೇಜಾರಾಯಿತು.

ತರಬೇತಿಯಲ್ಲಿ ಮೊದಲ ಸಲ ದಟ್ಟ ಮೋಡಕ್ಕೆ ನುಗ್ಗಿದಾಗ ವಿಮಾನ ಎಡಕ್ಕೆ ವಾಲುತ್ತಿದೆ ಅಂತ ಮೈಯೆಲ್ಲ ಕೂಗಿತು. ಮೀಟರ್ ನೇರ ತೋರಿಸುತ್ತಿತ್ತು. ನಾನು ಕೈ ಅಲುಗಿಸಲಿಲ್ಲ. ರಜೆಯಲ್ಲಿ ಬಂದು ಮೇಷ್ಟ್ರಿಗೆ ಇದನ್ನು ಹೇಳಿದೆ. ಅವರು ಕನ್ನಡಕ ಹಾಕಿಕೊಂಡು, ಪೆನ್ನು ತೆಗೆದು ಕೇಳಿದರು: "ಎಷ್ಟು ಸೆಕೆಂಡ್ ಹಾಗನ್ನಿಸ್ತು?"