ಬೆಳಕು ಬಂದದ್ದು ಹಿಂದಿನಿಂದ

ಮಾರ್ಚ್ ಕೊನೆಯಲ್ಲಿ ಧ್ರುವಪ್ರಭೆ, ಅಂದರೆ ಉತ್ತರದ ರಾತ್ರಿಯಾಕಾಶದಲ್ಲಿ ಮೂಡುವ ಅರೋರಾ ಬೆಳಕು, ನೋಡಲು ನಾರ್ವೆಯ ಟ್ರೊಮ್ಸೊದಲ್ಲಿ ನಾಲ್ಕು ರಾತ್ರಿ ಇದ್ದೆ. ಎರಡನ್ನು ಮೋಡ ನುಂಗಿತು. ಒಂದನ್ನು ನಾನೇ ಕೈಯಾರೆ ಕಳೆದುಕೊಂಡೆ.

ಅದರ ಸಂಕಟ ಇನ್ನೂ ಇದೆ, ಹೇಳಿಬಿಡುತ್ತೇನೆ. ಆವತ್ತು ಆಕಾಶ ಶುಭ್ರವಾಗಿತ್ತು. ಫೋನಿನ ಆ್ಯಪ್ ಮಾತ್ರ ‘ಕೆಪಿ 2’ ಅಂತ ತೋರಿಸುತ್ತಿತ್ತು. ಇಷ್ಟಕ್ಕೆ ಏನು ಕಾಣುತ್ತೆ ಅಂದುಕೊಂಡು ಮಲಗಿದೆ. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಪಕ್ಕದ ಮೇಜಿನವರು ಫೋಟೋ ತೋರಿಸುತ್ತಾ ಕೂತಿದ್ದರು! ಕೆಪಿ ಅನ್ನೋದು ಭೂಮಿಯ ಕಾಂತಕ್ಷೇತ್ರ ಎಷ್ಟು ಕದಡಿದೆ ಅಂತ ಇಡೀ ಭೂಮಿಗೆ ಸೇರಿಸಿ ಮೂರು ಗಂಟೆಗೊಮ್ಮೆ ಕೊಡುವ ಸಂಖ್ಯೆ. ಟ್ರೊಮ್ಸೊ ಧ್ರುವದ ಸುತ್ತಲಿನ ಧ್ರುವಪ್ರಭೆಯ ಉಂಗುರದ ಕೆಳಗೇ ಇದೆ, ಅಲ್ಲಿಗೆ 2 ಧಾರಾಳ ಸಾಕು. ನೋಡಬೇಕಾದದ್ದು ‘ಬಿ-ಝಡ್’ ಅನ್ನು. ಸೌರಮಾರುತ, ಅಂದರೆ ಸೂರ್ಯನಿಂದ ಬೀಸುವ ವಿದ್ಯುತ್ ಕಣಗಳ ಹರಿವು, ಹೊತ್ತು ತರುವ ಕಾಂತಕ್ಷೇತ್ರ ಉತ್ತರಕ್ಕಿದೆಯೋ ದಕ್ಷಿಣಕ್ಕಿದೆಯೋ ಅಂತ ಹೇಳುವುದು ಅದೇ. ಅದು ದಕ್ಷಿಣಕ್ಕೆ ತಿರುಗಿ ಸ್ವಲ್ಪ ಹೊತ್ತು ಹಾಗೇ ನಿಂತರೆ, ಬೂಟು ಹಾಕಿಕೊಂಡು ಹೊರಡಿ.

ನಾಲ್ಕನೇ ರಾತ್ರಿ ವ್ಯಾನಿನಲ್ಲಿ ಒಳನಾಡಿನ ಕಡೆ ಹೋದೆವು. ಅಲ್ಲಿ ಮೋಡ ಕಮ್ಮಿ, ಚಳಿ ಜಾಸ್ತಿ. ಕರೆದೊಯ್ದ ಮಹಿಳೆ ಹಿಂದೆ ರಾಡಾರ್ ಕೇಂದ್ರವೊಂದರಲ್ಲಿ ಕೆಲಸ ಮಾಡಿದ್ದವರು. ಉತ್ತರದಲ್ಲಿ ಮಸುಕು ಹಸಿರಿನ ಒಂದು ಕಮಾನು, ಬಟ್ಟೆ ಒಣಹಾಕುವ ಹಗ್ಗದ ಹಾಗೆ, ಸುಮ್ನೆ ನಿಂತಿತ್ತು. ಒಂದು ಗಂಟೆಯಾದರೂ ಅಲುಗಲಿಲ್ಲ.

“ಈಗ ಸೂರ್ಯ ಎಲ್ಲಿದ್ದಾನೆ, ತೋರಿಸಿ” ಅಂದರು ಅವರು.

ಸಂಜೆ ಮುಳುಗಿದ ಪಶ್ಚಿಮದ ಕಡೆ ಕೈ ತೋರಿಸಿದೆ.

“ಅಲ್ಲ. ಅರ್ಧರಾತ್ರಿ ಹತ್ತಿರ ಆಯಿತು. ಅವನು ಉತ್ತರದಲ್ಲಿ, ನೆಲದ ಕೆಳಗಿದ್ದಾನೆ. ಹಾಗಾದರೆ ಗಾಳಿಗೆ ಬಡಿದು ಈ ಬೆಳಕು ಹೊತ್ತಿಸುವ ಎಲೆಕ್ಟ್ರಾನ್‌ಗಳು ಎಲ್ಲಿಂದ ಬರುತ್ತಿವೆ?”

ಸೂರ್ಯನಿಂದ, ಇನ್ನೆಲ್ಲಿಂದ ಅಂದೆ. ಅವರು ಇಲ್ಲವೆಂದು ತಲೆಯಾಡಿಸಿ, ನನ್ನ ಬೆನ್ನ ಹಿಂದಿನ ದಕ್ಷಿಣದ ಆಕಾಶ ತೋರಿಸಿದರು. “ಅಲ್ಲಿಂದ. ಬಾಲದಿಂದ.”

ಸೌರಮಾರುತ ಭೂಮಿಯ ಕಾಂತಕ್ಷೇತ್ರವನ್ನು ಹಗಲಿನ ಕಡೆ ಸುಮಾರು ಹತ್ತು ಭೂತ್ರಿಜ್ಯದಷ್ಟು ದೂರಕ್ಕೆ ಒತ್ತಿ ಹಿಡಿಯುತ್ತದೆ. ರಾತ್ರಿಯ ಕಡೆ ಚಂದ್ರನನ್ನೂ ದಾಟಿ ಎಳೆಯುತ್ತದೆ, ಅದೇ ಬಾಲ. ಬಿ-ಝಡ್ ದಕ್ಷಿಣವಾದಾಗ ಹಗಲಿನ ಕಡೆಯ ಕಾಂತ ಬಲರೇಖೆಗಳು ಬಿಚ್ಚಿ, ಸೌರಮಾರುತದ ಜೊತೆ ಬೆಸೆದುಕೊಂಡು, ಹಿಂದಕ್ಕೆ ಹೋಗಿ ಬಾಲದಲ್ಲಿ ಪೇರಿಕೊಳ್ಳುತ್ತವೆ. ಕೊನೆಗೆ ತಡೆಯಲಾರದೆ ಬಾಲ ಹರಿದು ಮತ್ತೆ ಕೂಡುತ್ತದೆ, ಭೂಮಿಯ ಕಡೆಯ ತುಂಡು ರಬ್ಬರ್ ಬ್ಯಾಂಡಿನ ಹಾಗೆ ಎಲೆಕ್ಟ್ರಾನ್‌ಗಳನ್ನು ನಮ್ಮ ಕಡೆ ತಳ್ಳುತ್ತಾ ವಾಪಸ್ ಚಿಮ್ಮುತ್ತದೆ. 2008ರಲ್ಲಿ ನಾಸಾದ ಥೀಮಿಸ್ ನೌಕೆಗಳು ಬಾಲ ಹೀಗೆ ಹರಿಯುವುದನ್ನು ಹಿಡಿದದ್ದು ಚಂದ್ರನ ದಾರಿಯ ಮೂರನೇ ಒಂದು ಭಾಗದಷ್ಟು ದೂರದಲ್ಲಿ. ಇದೇ ನಾರ್ವೆಯಲ್ಲಿ ನೂರು ವರ್ಷದ ಹಿಂದೆ ಲೋಹದ ಗೋಳಕ್ಕೆ ಎಲೆಕ್ಟ್ರಾನ್ ಹಾಯಿಸಿ ಪುಟ್ಟ ಧ್ರುವಪ್ರಭೆ ಮಾಡಿ ತೋರಿಸಿದ ವಿಜ್ಞಾನಿ ಬಿರ್ಕಲ್ಯಾಂಡ್ ಕೂಡ ಎಲೆಕ್ಟ್ರಾನ್‌ಗಳು ನೇರ ಸೂರ್ಯನಿಂದಲೇ ಬರುತ್ತವೆ ಅಂದುಕೊಂಡಿದ್ದರಂತೆ. ನನಗೆ ಸ್ವಲ್ಪ ಸಮಾಧಾನವಾಯಿತು.

ಅಷ್ಟರಲ್ಲಿ ಹಗ್ಗದ ಕೆಳ ಅಂಚು ಬೆಳಗಿತು. ಒಂದು ಮಡಿಕೆ ಪೂರ್ವದಿಂದ ಪಶ್ಚಿಮಕ್ಕೆ ಓಡಿತು. ಕಮಾನು ಒಡೆದು ತಲೆಯ ಮೇಲೆ ಬಂತು. ದೇವತೆಗಳ ಕುಣಿತ ಅಂತೆಲ್ಲ ಬರೆಯುವವರನ್ನು ಕಂಡರೆ ನನಗಾಗದು. ನನಗೆ ಕಂಡದ್ದು ಮೇಲಿಂದ ಸುರಿಯುವ ಗೆರೆಗಳು, ಬುಡದಲ್ಲಿ ನೈಟ್ರೋಜನ್‌ನ ಗುಲಾಬಿ ಅಂಚು. ಗೆರೆಗಳೆಲ್ಲ ಒಂದೇ ಬಿಂದುವಿಗೆ ಕೂಡುತ್ತಿದ್ದವು. ಆ ಬಿಂದು ನೆತ್ತಿಯ ಮೇಲಿರಲಿಲ್ಲ, ಸ್ವಲ್ಪ ದಕ್ಷಿಣಕ್ಕೆ ವಾಲಿತ್ತು.

“ಅಲ್ಲೇ ನೋಡಿ. ನೀವೀಗ ಬಲರೇಖೆಯ ಉದ್ದಕ್ಕೇ ನೋಡುತ್ತಿದ್ದೀರಿ.”

ಕ್ಯಾಮೆರಾ ಎತ್ತಿದೆ. ಚಳಿಗೆ ಬ್ಯಾಟರಿ ಸತ್ತಿತ್ತು. ಇನ್ನೊಂದು ಬ್ಯಾಟರಿ ಬ್ಯಾಗಿನಲ್ಲಿದ್ದು ಅದೂ ಸತ್ತಿತ್ತು. ಒಳಜೇಬಿನಲ್ಲಿ, ಮೈಗೆ ತಾಗಿ ಇಟ್ಟುಕೊಳ್ಳಿ.

ಹತ್ತು ನಿಮಿಷಕ್ಕೆ ಗದ್ದಲ ಮುಗಿಯಿತು. ಉಳಿದವರು ವ್ಯಾನಿಗೆ ಹತ್ತಿದರು. ನಾವಿಬ್ಬರೇ ನಿಂತೆವು. ಆಕಾಶದ ತುಂಬ ಮಂಕು ತೇಪೆಗಳು, ಕೆಲವು ಸೆಕೆಂಡಿಗೊಮ್ಮೆ ಹತ್ತಿ ಆರುತ್ತಿದ್ದವು. ದೂರದ ಬಾಹ್ಯಾಕಾಶದಲ್ಲಿ, ಸಮಭಾಜಕದ ನೇರಕ್ಕೆ, ‘ಕೋರಸ್’ ಎಂಬ ಪ್ಲಾಸ್ಮಾ (ವಿದ್ಯುತ್ ಕಣಗಳ ಅನಿಲ) ಅಲೆಗಳು ಎಲೆಕ್ಟ್ರಾನ್‌ಗಳನ್ನು ಕಂತು ಕಂತಾಗಿ ಕೆಳಕ್ಕೆ ಉದುರಿಸುತ್ತವಂತೆ. ರೇಡಿಯೋ ರಿಸೀವರಿನಲ್ಲಿ ಕೇಳಿದರೆ ಬೆಳಗಿನ ಹಕ್ಕಿಗಳ ಚಿಲಿಪಿಲಿಯ ಹಾಗೇ ಇರುತ್ತದೆ ಅಂದರು. ಒಂದು ತೇಪೆಯನ್ನೇ ಹಿಡಿದು ಎಣಿಸತೊಡಗಿದೆ. ವ್ಯಾನಿನವರು ಹಾರ್ನ್ ಹೊಡೆಯುವವರೆಗೂ.