ಎಸೆಕ್ಸ್ ಹೊಲದಲ್ಲಿ ಸಿಕ್ಕ ಗೆಜ್ಜೆ

ಜೋರು ಮಳೆ ಬಿದ್ದ ಮಾರನೇ ದಿನ ಉತ್ತ ಹೊಲಕ್ಕೆ ಹೋದರೆ ಏನಾದರೂ ಸಿಗುತ್ತೆ ಅಂತ ನಮ್ಮಜ್ಜಿ ಹೇಳುತ್ತಿದ್ದರು. ನಮ್ಮೂರು ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ, ಕಾವೇರಿ ದಂಡೆಗೆ. ಮಣ್ಣು ತೊಳೆದುಹೋದ ಸಾಲಿನಲ್ಲಿ ಹಸಿರು ಹಿಡಿದ ತಾಮ್ರದ ಕಾಸು ಕಾಣುತ್ತಿತ್ತು. ಒಂದು ಕಡೆ ಆನೆ, ಇನ್ನೊಂದು ಕಡೆ ನಮಗೆ ಯಾರಿಗೂ ಓದೋಕೆ ಬಾರದ ಅಕ್ಷರ. ಮನೆಯಲ್ಲಿ ಆನೆ ಕಾಸು ಅಂತಿದ್ವಿ. ಅದು ಟಿಪ್ಪು ಕಾಲದ ಪೈಸೆ, ಹಿಂದಿನ ಪರ್ಷಿಯನ್ ಅಕ್ಷರದಲ್ಲಿ ಇರೋದು ಟಂಕಸಾಲೆಯ ಹೆಸರು, ನಮ್ಮ ಕಡೆ ಟಂಕಿಸಿದ್ದರೆ ಅಲ್ಲಿ 'ಪಟ್ಟಣ' ಅಂತಲೇ ಇರುತ್ತೆ ಅನ್ನೋದೆಲ್ಲ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಗೊತ್ತಾಗುವ ಹೊತ್ತಿಗೆ ಕಾಸು ಇರಲಿಲ್ಲ. ನಾನು ಪಿಯುಸಿ ಓದುವಾಗ ಪಾತ್ರೆ ವ್ಯಾಪಾರಿ ಬಂದಿದ್ದ. ಮನೆಯಲ್ಲಿದ್ದ ಹಳೇ ತಾಮ್ರ, ಹಿತ್ತಾಳೆ ಎಲ್ಲ ತೂಕಕ್ಕೆ ಹಾಕಿದರು. ಡಬ್ಬಿಯಲ್ಲಿದ್ದ ನಾಲ್ಕು ಆನೆ ಕಾಸೂ ಹೋಯಿತು. ಬದಲಿಗೆ ಒಂದು ಸ್ಟೀಲ್ ಬೇಸಿನ್ ಬಂತು. ಆ ಬೇಸಿನ್ ಈಗಲೂ ಇದೆ.

ಇದನ್ನು ಮೊದಲೇ ಹೇಳಿದ್ದು ಯಾಕೆಂದರೆ ಹೋದ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಹೊಲದಲ್ಲಿ, ಮಣ್ಣಿನೊಳಗಿನ ಲೋಹ ಹುಡುಕುವ ಮೆಟಲ್ ಡಿಟೆಕ್ಟರ್ ಹಿಡಿದು ನಡೆದ ಮೂರು ದಿನವೂ ನನ್ನ ತಲೆಯಲ್ಲಿ ಇದ್ದಿದ್ದು ಆ ನಾಲ್ಕು ಕಾಸೇ.

ಅಕ್ಕ, ಭಾವ ಇರೋದು ಎಸೆಕ್ಸ್‌ನ ಕೋಲ್ಚೆಸ್ಟರ್‌ನಲ್ಲಿ. ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ಸ್ಟೇಷನ್ನಿನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ರೋಮನ್ನರ ಕಾಲದ ಊರು, ಆಗಿನ ಹೆಸರು ಕ್ಯಾಮುಲೊಡುನಮ್. ರೋಮನ್ ಕೋಟೆಗೋಡೆ ಇವತ್ತಿಗೂ ಪೇಟೆ ಮಧ್ಯೆ ನಿಂತಿದೆ. ಮೊದಲ ಎರಡು ದಿನ ಅದನ್ನೆಲ್ಲ ನೋಡಿದ್ದಾಯಿತು. ಮೂರನೇ ದಿನ ರಾತ್ರಿ ಊಟ ಮಾಡುವಾಗ ಭಾವ, "ಭಾನುವಾರ ಪಕ್ಕದ ಮನೆಯವರ ಜೊತೆ ಹೊಲಕ್ಕೆ ಹೋಗ್ತೀನಿ, ಬರ್ತೀಯಾ?" ಅಂದರು. ಯಾವ ಹೊಲ, ಏನು ಕೆಲಸ ಅಂತ ಕೇಳಿದ್ದಕ್ಕೆ ಎದ್ದು ಹೋಗಿ ಮೂಲೆಯಲ್ಲಿದ್ದ ಡಿಟೆಕ್ಟರ್ ತಂದು ತೋರಿಸಿದರು. ಅಕ್ಕ ಏನೂ ಹೇಳದೆ ಇನ್ನೊಂದು ಚಪಾತಿ ಬಡಿಸಿದಳು. ಅವಳಿಗೆ ಇದು ಹಳೇ ವಿಷಯ.

ಪಕ್ಕದ ಮನೆ ಯಜಮಾನರಿಗೆ ಎಪ್ಪತ್ತು ದಾಟಿದೆ. ಮೂವತ್ತು ವರ್ಷದಿಂದ ಇದೇ ಕೆಲಸ. ಕಾರು ಹತ್ತುವ ಮೊದಲೇ ನನಗೆ ಮೂರು ಮಾತು ಹೇಳಿದರು. ಹೊಲದವರ ಒಪ್ಪಿಗೆ ಇಲ್ಲದೆ ಕಾಲಿಡಬಾರದು. ತೋಡಿದ ಗುಂಡಿ ಮುಚ್ಚದೆ ಮುಂದೆ ಹೋಗಬಾರದು. ಏನೇ ಸಿಗಲಿ, ಸಿಕ್ಕ ಜಾಗ ಗುರುತು ಹಾಕದೆ ಜೇಬಿಗೆ ಇಳಿಸಬಾರದು. ಮೂರನೆಯದನ್ನು ಎರಡು ಸಲ ಹೇಳಿದರು.

ಗೋಧಿ ಕೊಯ್ಲು ಮುಗಿದು ಕೂಳೆ ನಿಂತಿದ್ದ ಹೊಲ. ಕೊಯ್ಲಿಗೂ ಮುಂದಿನ ಬಿತ್ತನೆಗೂ ನಡುವೆ ಇರುವ ಈ ಕೆಲವು ವಾರಗಳೇ ಇವರಿಗೆ ಸುಗ್ಗಿ. ಅಂಟು ಜೇಡಿ ಮಣ್ಣು, ತುಂಬ ಚಕಮಕಿ ಕಲ್ಲು. ಗುದ್ದಲಿ ಒಂದೇ ಏಟಿಗೆ ಇಳಿಯೋದಿಲ್ಲ. ನಮ್ಮ ಗದ್ದೆ ಮಣ್ಣು ಎಷ್ಟು ಮೆತ್ತಗೆ ಅಂತ ನನಗೆ ಅಲ್ಲಿ ಅರ್ಥವಾಯಿತು.

ಯಂತ್ರದ ಕೆಲಸ ಸರಳವಾಗಿಯೇ ಇದೆ. ತುದಿಯಲ್ಲಿರುವ ದುಂಡನೆ ಕಾಯಿಲ್, ಅಂದರೆ ತಂತಿ ಸುರುಳಿ, ಕೆಳಗೆ ನೆಲಕ್ಕೆ ಕಾಂತಕ್ಷೇತ್ರ ಬಿಡುತ್ತೆ. ಅದು ಸತತ ಬದಲಾಗುತ್ತಿರುತ್ತೆ, ಹಾಗಾಗಿ ಮಣ್ಣಿನೊಳಗೆ ಲೋಹ ಇದ್ದರೆ ಅದರಲ್ಲಿ ಸಣ್ಣ ವಿದ್ಯುತ್ ಸುಳಿ ಏಳುತ್ತೆ, ಆ ಸುಳಿ ತನ್ನದೇ ಕ್ಷೇತ್ರ ವಾಪಸ್ ಕಳಿಸುತ್ತೆ, ಯಂತ್ರ ಅದನ್ನು ಹಿಡಿದು ಶಬ್ದ ಮಾಡುತ್ತೆ. ಕಬ್ಬಿಣಕ್ಕೆ ದಪ್ಪ ಗೊಗ್ಗರು ದನಿ. ಬೆಳ್ಳಿ, ತಾಮ್ರಕ್ಕೆ ಸಣ್ಣಗೆ ಚೂಪು ದನಿ. ತೊಂದರೆ ಏನೆಂದರೆ ತೆಳು ಚಿನ್ನವೂ ತಂಪು ಪಾನೀಯದ ಡಬ್ಬಿಯ ಕಿವಿಯೂ ಹೆಚ್ಚುಕಮ್ಮಿ ಒಂದೇ ದನಿ ಕೊಡುತ್ತವೆ, ಹಾಗಾಗಿ ಎಲ್ಲವನ್ನೂ ತೋಡಲೇಬೇಕು. ಕಾಸಿನಷ್ಟು ಸಣ್ಣದಾದರೆ ಸಾಮಾನ್ಯವಾಗಿ ಒಂದು ಗೇಣು ಆಳದವರೆಗೆ ಸಿಗುತ್ತೆ, ಅದಕ್ಕಿಂತ ಕೆಳಗೆ ಕಷ್ಟ. ಕಾಯಿಲ್ ಅನ್ನು ನೆಲಕ್ಕೆ ತಾಗಿದ ಹಾಗೇ, ಮಟ್ಟವಾಗಿ, ನಿಧಾನವಾಗಿ ಆಡಿಸಬೇಕು. ಕುಡುಗೋಲಿನಲ್ಲಿ ಹುಲ್ಲು ಕೊಯ್ದ ಹಾಗೆ ಎತ್ತಿ ಬೀಸಿದರೆ ಏನೂ ಸಿಗಲ್ಲ.

ಮೊದಲ ದಿನ ನನಗೆ ಸಿಕ್ಕಿದ್ದು ಕುದುರೆ ಲಾಳದ ಮೊಳೆ, ಬೇಟೆ ಬಂದೂಕಿನ ತೋಟಾದ ಹಿತ್ತಾಳೆ ತಳ, ಸೀಸದ ಚೂರು, ಒಂದು ಅಂಗಿ ಗುಂಡಿ. ಮತ್ತೆ ಅಲ್ಯೂಮಿನಿಯಂ ಪುಡಿ, ಲೆಕ್ಕವಿಲ್ಲದಷ್ಟು. ಊರ ಕಸದಿಂದ ಮಾಡಿದ ಗೊಬ್ಬರ ಹೊಲಕ್ಕೆ ಹಾಕುತ್ತಾರಂತೆ, ಅದರ ಜೊತೆ ಈ ಚೂರುಗಳೂ ಬರುತ್ತವೆ, ಹಾಗೆ ಒಂದು ಸಲ ಹಾಕಿದ ಹೊಲದಲ್ಲಿ ಮತ್ತೆ ಡಿಟೆಕ್ಟರ್ ಹಿಡಿಯೋದೇ ಕಷ್ಟ ಅಂತ ಯಜಮಾನರು ಬೇಜಾರಿನಿಂದ ಹೇಳಿದರು. ರಸಗೊಬ್ಬರ ಇನ್ನೂ ಕೆಟ್ಟದ್ದು. ಅದರ ಉಪ್ಪು ಮಣ್ಣಿನಲ್ಲಿರುವ ತಾಮ್ರವನ್ನು ತಿನ್ನುತ್ತೆ. ಮಂಡ್ಯದ ಕಬ್ಬಿನ ಗದ್ದೆಗಳಿಗೆ ನಾವು ಎಷ್ಟು ಯೂರಿಯಾ ಸುರಿಯುತ್ತೀವಿ ಅಲ್ವಾ?

ಸಂಜೆ ಹೊತ್ತಿಗೆ ಭಾವನಿಗೆ ಒಂದು ಸೀಸದ ಗುಂಡು ಸಿಕ್ಕಿತು. ನೆಲ್ಲಿಕಾಯಿಗಿಂತ ಸ್ವಲ್ಪ ಸಣ್ಣದು, ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪದರ. ಬಂದೂಕಿನ ಗುಂಡು. 1648ರಲ್ಲಿ ಇಂಗ್ಲೆಂಡಿನ ಒಳಜಗಳದ ಯುದ್ಧದಲ್ಲಿ ಪಾರ್ಲಿಮೆಂಟ್ ಸೇನೆ ಕೋಲ್ಚೆಸ್ಟರ್‌ಗೆ 11 ವಾರ ಮುತ್ತಿಗೆ ಹಾಕಿತ್ತು. ಒಳಗಿದ್ದವರು ಕೊನೆಗೆ ಹಸಿವಿನಿಂದ ಶರಣಾದರು. ಈ ಗುಂಡು ಆ ಕಾಲದ್ದೇ ಅಂತ ಒಂದೇ ಗುಂಡು ನೋಡಿ ಹೇಳೋಕಾಗಲ್ಲ ಅಂದರು ಯಜಮಾನರು. ಆದರೆ ಇಂಥ ನೂರು ಗುಂಡು ಎಲ್ಲೆಲ್ಲಿ ಬಿದ್ದಿದ್ದವು ಅಂತ ನಕ್ಷೆಯಲ್ಲಿ ಚುಕ್ಕೆ ಇಟ್ಟರೆ, ಯಾರು ಎಲ್ಲಿ ನಿಂತು ಯಾವ ಕಡೆಗೆ ಹೊಡೆದರು ಅನ್ನೋದು ಕಾಣುತ್ತೆ. ನಾನು ಗುಂಡನ್ನು ಅಂಗೈಯಲ್ಲಿ ಇಟ್ಟುಕೊಂಡು ಸುಮ್ನೆ ನಿಂತೆ. 1799ರ ಮೇ 4ರಂದು ನಮ್ಮ ಕೋಟೆ ಬಿದ್ದಾಗ ಹಾರಿದ ಗುಂಡುಗಳಿಗೆ ಯಾರು ಚುಕ್ಕೆ ಇಟ್ಟರು?

ಎರಡನೇ ದಿನ ಯಜಮಾನರಿಗೆ ಒಂದು ಬೆಳ್ಳಿ ಚೂರು ಸಿಕ್ಕಿತು. ಕಾಲು ಭಾಗ ನಿಪ್ಪಟ್ಟು ಮುರಿದ ಹಾಗೆ ಅಂದುಕೊಳ್ಳಿ, ಆದರೆ ಕಾಗದದಷ್ಟು ತೆಳು. 13ನೇ ಶತಮಾನದ ಪೆನ್ನಿ ನಾಣ್ಯದ ತುಂಡು. 1247ರಲ್ಲಿ ಮೂರನೇ ಹೆನ್ರಿಯ ಕಾಲಕ್ಕೆ ಬಂದ ಹೊಸ ಪೆನ್ನಿಯ ಹಿಂಬದಿಯಲ್ಲಿ ಅಂಚಿನಿಂದ ಅಂಚಿಗೆ ಹೋಗುವ ಶಿಲುಬೆ ಇತ್ತು. ಆ ಗೆರೆಯ ಮೇಲೇ ಕತ್ತರಿಸಿ ಅರ್ಧ ಪೆನ್ನಿ, ಕಾಲು ಪೆನ್ನಿ ಮಾಡುತ್ತಿದ್ದರು. ಚಿಲ್ಲರೆ ಬೇಕಲ್ಲ! ನಮ್ಮಲ್ಲೂ ಹಣ ಅನ್ನೋ ಹಳೇ ನಾಣ್ಯದ ಕಾಲು ಭಾಗಕ್ಕೆ ಹಾಗ ಅಂತ ಹೆಸರಿತ್ತು ಅಂತ ಭಾವ ಅವರಿಗೆ ಇಂಗ್ಲಿಷಿನಲ್ಲಿ ವಿವರಿಸಿದರು. ಕಂಠೀರವ ನರಸರಾಜ ಒಡೆಯರ ಕಾಲದ ಚಿನ್ನದ ಹಣ ಉಗುರಿನ ಮೇಲೆ ಕೂರುವಷ್ಟು ಪುಟ್ಟದು ಅಂತ ಹೇಳಿದಾಗ ಅವರು ಕನ್ನಡಕ ತೆಗೆದು, "ಅದು ಹೊಲದಲ್ಲಿ ಬಿದ್ದರೆ ನನ್ನ ಯಂತ್ರಕ್ಕೂ ಸಿಗಲ್ಲ" ಅಂದರು.

ಅಲ್ಲಿನ ಕಾನೂನು ನನಗೆ ಇಷ್ಟವಾಯಿತು. 1996ರ ಟ್ರೆಷರ್ ಆಕ್ಟ್ ಪ್ರಕಾರ 300 ವರ್ಷಕ್ಕಿಂತ ಹಳೆಯ ಚಿನ್ನ, ಬೆಳ್ಳಿ ವಸ್ತು ಸಿಕ್ಕರೆ, ಅಥವಾ ಅಷ್ಟೇ ಹಳೆಯ ಚಿನ್ನ, ಬೆಳ್ಳಿ ನಾಣ್ಯ ಒಂದೇ ಕಡೆ ಎರಡಾದರೂ ಸಿಕ್ಕರೆ 14 ದಿನದೊಳಗೆ ತಿಳಿಸಬೇಕು. ಮ್ಯೂಸಿಯಂ ಕೊಂಡರೆ ಬೆಲೆಯನ್ನು ಸಾಮಾನ್ಯವಾಗಿ ಹುಡುಕಿದವರಿಗೂ ಹೊಲದವರಿಗೂ ಹಂಚುತ್ತಾರೆ. ಒಂಟಿ ನಾಣ್ಯ, ಗುಂಡಿ, ಗುಂಡು ಇಂಥವಕ್ಕೆ ಆ ಕಡ್ಡಾಯ ಇಲ್ಲ. ಆದರೂ ಜನ ತಾವಾಗಿ ತಂದು ತೋರಿಸುತ್ತಾರೆ. ಅದನ್ನು ಬರೆದುಕೊಳ್ಳೋಕೆ ಅಂತಲೇ ಒಬ್ಬ ಅಧಿಕಾರಿ ಇರುತ್ತಾರೆ, ಫೈಂಡ್ಸ್ ಲಿಯೈಸನ್ ಆಫೀಸರ್ ಅಂತ. 1997ರಲ್ಲಿ ಶುರುವಾದ ಈ ಯೋಜನೆಯಲ್ಲಿ ಇವತ್ತಿಗೆ 15 ಲಕ್ಷಕ್ಕೂ ಹೆಚ್ಚು ವಸ್ತುಗಳು ದಾಖಲಾಗಿವೆ, ಮಂಡ್ಯದಲ್ಲಿ ಕೂತು ನೀವೂ ನಾನೂ ನೋಡಬಹುದು.

ಮೂರನೇ ದಿನ ಮಧ್ಯಾಹ್ನ. ಊಟಕ್ಕೆ ಕರೆಯುತ್ತಿದ್ದರು, ಇನ್ನೊಂದು ಸಾಲು ನೋಡಿ ಬರ್ತೀನಿ ಅಂದೆ. ಚೂಪಾದ, ಗಟ್ಟಿ ದನಿ ಬಂತು. ಮೊದಲ ಗುದ್ದಲಿ ಏಟಿಗೆ ಏನೂ ಇಲ್ಲ. ಎರಡನೆಯದಕ್ಕೆ ಮಣ್ಣುಂಡೆಯೊಳಗೆ ದುಂಡಗೆ ಏನೋ ಹಸಿರು ಕಂಡಿತು. ಬೆರಳಿನಿಂದ ಮಣ್ಣು ಬಿಡಿಸಿದೆ. ದೊಡ್ಡ ನಿಂಬೆಹಣ್ಣಿನಷ್ಟು. ಮೇಲೆ ಕಟ್ಟೋಕೆ ಕಿವಿ, ಕೆಳಗೆ ಉದ್ದಕ್ಕೆ ಸೀಳು.

ಗೆಜ್ಜೆ!

ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮ ತಾತನ ಹಳ್ಳಿಕಾರ್ ಜೋಡಿಗೆ ಇಂಥದೇ ಗೆಜ್ಜೆ ಸರ ಇತ್ತು. ಸಂಕ್ರಾಂತಿ ದಿನ ನಾಲೆಯಲ್ಲಿ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಸರ ಕಟ್ಟಿ ಕಿಚ್ಚು ಹಾಯಿಸುತ್ತಿದ್ದರು. ಕತ್ತಲಲ್ಲಿ ಮೊದಲು ಗೆಜ್ಜೆ ಶಬ್ದ ಕೇಳಿಸುತ್ತಿತ್ತು, ಆಮೇಲೆ ಬೆಂಕಿಯ ಮೇಲೆ ಎತ್ತು ಕಾಣುತ್ತಿತ್ತು.

ಯಜಮಾನರು ಓಡಿ ಬಂದರು. ನೀರಿನ ಬಾಟಲಿ ತೆಗೆದು ಮೆಲ್ಲಗೆ ತೊಳೆದರು, ಉಜ್ಜಲಿಲ್ಲ. ಕೆಳಭಾಗದಲ್ಲಿ ಎರಡು ಅಕ್ಷರ ಎದ್ದವು, ಆರ್ ಮತ್ತು ಡಬ್ಲ್ಯು. ರಾಬರ್ಟ್ ವೆಲ್ಸ್. ವಿಲ್ಟ್‌ಶೈರ್‌ನ ಆಲ್ಡ್‌ಬೋರ್ನ್ ಅನ್ನೋ ಹಳ್ಳಿಯಲ್ಲಿ 18ನೇ ಶತಮಾನದಲ್ಲಿ ಗಂಟೆ ಎರಕ ಹೊಯ್ಯುತ್ತಿದ್ದವರು. ಅವರ ಗೆಜ್ಜೆಗಳು ಇಂಗ್ಲೆಂಡಿನ ಎಷ್ಟೋ ಹೊಲಗಳಲ್ಲಿ ಸಿಕ್ಕಿವೆ. ಗಾಡಿ ಕುದುರೆಗೆ, ದನಕ್ಕೆ, ಕುರಿಗೆ ಕಟ್ಟುತ್ತಿದ್ದರು. ಯಜಮಾನರು ಅದನ್ನು ನನ್ನ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗಿನ ಕಬ್ಬಿಣದ ಗುಂಡು ತುಕ್ಕು ಹಿಡಿದಿತ್ತು, ಆದರೂ ಬಿಟ್ಟುಕೊಂಡಿತು. ಕಿಣಿ ಕಿಣಿ ಅಲ್ಲ, ಸ್ವಲ್ಪ ಒಡಕು ದನಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ನನ್ನ ಕಣ್ಣು ತುಂಬಿತ್ತು. ಭಾವ ನೋಡಿಯೂ ನೋಡದ ಹಾಗೆ ಗುಂಡಿ ಮುಚ್ಚುತ್ತಾ ಇದ್ದರು.

ಗೆಜ್ಜೆಯನ್ನು ನಾನು ತರಲಿಲ್ಲ. ಅದು ಹೊಲದವರದು. ಅಲ್ಲದೆ ಅಲ್ಲಿನ ಮಣ್ಣಲ್ಲಿ ಸಿಕ್ಕ ಹಳೇ ವಸ್ತು ದೇಶದಾಚೆ ಹೋಗಬೇಕಾದರೆ ರಫ್ತು ಲೈಸೆನ್ಸ್ ನಿಯಮ ಇದೆ. ರೈತರ ಮನೆಗೆ ಹೋಗಿ ಕೊಟ್ಟೆವು. ಅವರ ಹೆಂಡತಿ ಅದನ್ನು ಅಡುಗೆಮನೆ ಕಿಟಕಿಯ ಮೇಲಿಟ್ಟರು. ಫೋಟೋ, ತೂಕ, ಅಳತೆ, ಸಿಕ್ಕ ಜಾಗದ ನಕ್ಷೆ ಸಂಖ್ಯೆ, ಇಷ್ಟೂ ಅಧಿಕಾರಿಗೆ ಹೋಯಿತು.

ವಾಪಸ್ ಬರುವ ಹಿಂದಿನ ದಿನ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ನೋಡಿದೆ. ಅಲ್ಲಿ ಹಾಕ್ಸನ್ ನಿಧಿ ಇದೆ. 1992ರ ನವೆಂಬರ್‌ನಲ್ಲಿ ಸಫೋಕ್‌ನ ಹಾಕ್ಸನ್ ಹಳ್ಳಿಯಲ್ಲಿ ಎರಿಕ್ ಲಾಸ್ ಅನ್ನೋರು ಹೊಲದಲ್ಲಿ ಕಳೆದುಹೋದ ಸುತ್ತಿಗೆ ಹುಡುಕೋಕೆ ಡಿಟೆಕ್ಟರ್ ಹಿಡಿದು ಹೋಗಿದ್ದರು. ಸಿಕ್ಕಿದ್ದು ಸುಮಾರು 15,000 ರೋಮನ್ ನಾಣ್ಯ, ಚಿನ್ನದ ಒಡವೆ, ಬೆಳ್ಳಿ ಚಮಚ. ಅವರು ಮಾಡಿದ ದೊಡ್ಡ ಕೆಲಸ ಏನು ಗೊತ್ತಾ? ಸ್ವಲ್ಪ ತೆಗೆದು, ಇದು ತನ್ನ ಕೈಯಲ್ಲಿ ಆಗೋ ಕೆಲಸ ಅಲ್ಲ ಅಂತ ನಿಲ್ಲಿಸಿ ತಿಳಿಸಿದರು. ಹಾಗಾಗಿ ತಜ್ಞರು ಬಂದು ಪದರ ಪದರವಾಗಿ ತೆಗೆದರು. ಕೊಳೆತುಹೋದ ಮರದ ಪೆಟ್ಟಿಗೆಯ ಅಳತೆ ಸಿಕ್ಕಿತು, ಯಾವುದರ ಪಕ್ಕ ಯಾವುದು ಇಟ್ಟಿದ್ದರು ಅಂತ ಗೊತ್ತಾಯಿತು. ಆ ಸುತ್ತಿಗೆಯೂ ಮ್ಯೂಸಿಯಂಗೆ ಸೇರಿತು. ನಿಧಿಯಲ್ಲಿ ಹೆಣ್ಣಿನ ರೂಪದ ಒಂದು ಬೆಳ್ಳಿಯ ಮೆಣಸಿನ ಡಬ್ಬಿ ಇದೆ. ಕರಿಮೆಣಸು ಹೋಗಿದ್ದು ನಮ್ಮ ಪಶ್ಚಿಮ ಕರಾವಳಿಯ ಕಡೆಯಿಂದ. ಇತ್ತ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿವೆ. ಆ ಗಾಜಿನ ಮುಂದೆ ನಾನು ಅರ್ಧ ಗಂಟೆ ನಿಂತಿದ್ದೆ.

ಅಲ್ಲೂ ಎಲ್ಲರೂ ಸಾಚಾ ಅಲ್ಲ. 2015ರಲ್ಲಿ ಹೆರೆಫರ್ಡ್‌ಶೈರ್‌ನಲ್ಲಿ ವೈಕಿಂಗ್ ಕಾಲದ ನಿಧಿ ಸಿಕ್ಕಿದ ಇಬ್ಬರು ಅದನ್ನು ಮುಚ್ಚಿಟ್ಟು ಮಾರಿದರು. ಜೈಲಿಗೆ ಹೋದರು. ಸುಮಾರು 300 ನಾಣ್ಯ ಇತ್ತು ಅಂತ ಅಂದಾಜು, ಹೆಚ್ಚಿನವು ಸಿಕ್ಕೇ ಇಲ್ಲ. ಸಿಕ್ಕ ಕೆಲವೇ ನಾಣ್ಯಗಳಲ್ಲಿ ಅಕ್ಕಪಕ್ಕದ ರಾಜ್ಯಗಳ ಇಬ್ಬರು ರಾಜರು ಮೈತ್ರಿಯಲ್ಲಿದ್ದರು ಅನ್ನೋದರ ಗುರುತು ಇತ್ತು. ಉಳಿದವು ಏನು ಹೇಳುತ್ತಿದ್ದವೋ.

ನಮ್ಮ ಕಡೆ ನಿಧಿ ಅಂದರೆ ಜನರಿಗೆ ನೆನಪಾಗೋದು ಅಮಾವಾಸ್ಯೆ ರಾತ್ರಿ, ಕುಂಕುಮ, ನಿಂಬೆಹಣ್ಣು. ನಿಧಿಗಳ್ಳರು ಪಾಳು ಗುಡಿಯ ಬಸವನನ್ನು ಒಡೆಯುತ್ತಾರೆ, ವೀರಗಲ್ಲು ಕೀಳುತ್ತಾರೆ. ನನಗೆ ಇದು ಹೊಟ್ಟೆ ಉರಿಯೋ ವಿಷಯ. ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು ಅನ್ನೋ ಕಾನೂನು 1878ರಲ್ಲೇ ಬಂತು. ಡಿಟೆಕ್ಟರ್ ತಂದು ಶ್ರೀರಂಗಪಟ್ಟಣದ ಕೋಟೆ ಸುತ್ತ ಆಡಿಸೋಣ ಅಂತ ಇಬ್ಬರು ಗೆಳೆಯರು ಕೇಳಿದರು. ದಯವಿಟ್ಟು ಬೇಡ ಅಂದೆ. ಸಂರಕ್ಷಿತ ಜಾಗದಲ್ಲಿ ಒಂದು ಗುಂಡಿ ತೋಡಿದರೂ ಅಪರಾಧ, ಇಂಗ್ಲೆಂಡಿನಲ್ಲೂ ಅಷ್ಟೇ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಅನ್ನೋ ಊರಿನಲ್ಲಿ ಹಾಳುಬಾವಿಯೊಳಗೆ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕವು, ಟಿಪ್ಪು ಕಾಲದವು. ಪುರಾತತ್ವ ಇಲಾಖೆಯವರು ಅಗೆದು ತೆಗೆದರು, ಹಾಗಾಗಿ ಇಂಥ ಬಾವಿಯಲ್ಲಿ ಇಷ್ಟು ಇದ್ದವು ಅನ್ನೋ ಲೆಕ್ಕ ಉಳಿಯಿತು. ಅವೇ ಒಂದೊಂದಾಗಿ ಗುಜರಿಗೆ ಹೋಗಿದ್ದರೆ?

ಊರಿಗೆ ಬಂದ ಮೇಲೆ ಅಜ್ಜಿಗೆ ಗೆಜ್ಜೆ ಶಬ್ದ ಕೇಳಿಸಿದೆ. ಫೋನನ್ನು ಕಿವಿಗೆ ಒತ್ತಿಕೊಂಡು ಮೂರು ಸಲ ಕೇಳಿದರು.

"ಎತ್ತಿಂದೇ ಕಣಪ್ಪ" ಅಂದರು. "ಇಂಗ್ರೇಜಿ ಎತ್ತಾದ್ರೇನು."

ಆಮೇಲೆ ನಾನು ಆನೆ ಕಾಸಿನ ಮಾತು ತೆಗೆದೆ. ಕಾಸು ಹೋಯ್ತು ಸರಿ ಅಜ್ಜಿ, ಅವು ಸಿಕ್ಕಿದ್ದು ಎಲ್ಲಿ ಅಂತ ನೆನಪಿದೆಯಾ?

ಅಜ್ಜಿಗೆ 84. ಕೋಲು ಹಿಡಿದು ಎದ್ದೇಬಿಟ್ಟರು. ಬದುವಿನ ಮೇಲೆ ನಾನು ಮುಂದೆ, ಅವರು ಹಿಂದೆ. ಮೂರನೇ ತಾಕಿಗೆ ಬಂದು ಕೋಲಿನಿಂದ ತೋರಿಸಿದರು. "ನಾಕೂ ಒಂದೇ ತಾವ ಕಣಪ್ಪ. ನಿಮ್ಮ ತಾತ ಬಾವಿ ಮಣ್ಣು ಎಳೆಸಿದ್ರಲ್ಲ, ಅದಾದ್ ವರ್ಸ. ಅಗೋ ಅಲ್ಲಿ."

ಫೋನಿನಲ್ಲಿ ಜಾಗ ಗುರುತು ಹಾಕಿ, ಪುಸ್ತಕದಲ್ಲಿ ಬರೆದುಕೊಂಡೆ: ಮೂರನೇ ತಾಕು, ಬಾವಿಯಿಂದ ಮೂಡಲಿಗೆ ಹದಿನೈದು ಹೆಜ್ಜೆ. ತಾಮ್ರದ ಆನೆ ಕಾಸು, ನಾಲ್ಕು. ಬಾವಿ ಮಣ್ಣು ಹರಡಿದ ವರ್ಷ. ಅಜ್ಜಿ ಹೇಳಿದ್ದು.